ಕಾರಿನ ಕೀ ಕಳೆದರೆ: ಹೊಸದನ್ನು ಮಾಡಿಸೋದು ಅರ್ಧ ಕೆಲಸ ಅಷ್ಟೇ

ಕುಕ್ಕೆಯ ಕುಮಾರಧಾರಾ ಸ್ನಾನಘಟ್ಟದಲ್ಲಿ ಮೂರು ಮುಳುಗು ಹಾಕಿ ಮೇಲೆ ಬಂದಾಗ ಚಡ್ಡಿಯ ಜೇಬು ಹಗುರವಾಗಿತ್ತು. ಕಾರಿನ ಕೀ ಹೊಳೆಯ ಪಾಲಾಗಿತ್ತು. ಅರ್ಧ ಗಂಟೆ ಕಾಲಿನಿಂದ ತಳ ತಡಕಾಡಿದೆ. ಕಲ್ಲು ಸಿಕ್ಕವು, ಮೀನು ಮುತ್ತಿಟ್ಟವು, ಕೀ ಮಾತ್ರ ಸಿಗಲಿಲ್ಲ.

ಎರಡನೇ ಕೀ ಬೆಂಗಳೂರಿನ ಮನೆಯ ಬೀರುವಿನಲ್ಲಿತ್ತು. ಬಾಮೈದ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ತಂದುಕೊಟ್ಟ. ಗುಂಡಿ ಒತ್ತಿದೆ, ಕಾರು ಮಿಸುಕಲಿಲ್ಲ. ನಾಲ್ಕು ವರ್ಷ ಬೀರುವಿನಲ್ಲಿ ಮಲಗಿದ್ದ ಕೀಯ ಬ್ಯಾಟರಿ ಸತ್ತುಹೋಗಿತ್ತು. "ಭಾವ, ಇದಕ್ಕೋಸ್ಕರ ರಾತ್ರಿಯೆಲ್ಲ ಘಾಟಿ ಇಳಿದು ಬಂದ್ನಾ?" ಅಂತ ಅವನು ಮುಖ ನೋಡಿದ.

ಪಕ್ಕದಲ್ಲಿದ್ದ ಟ್ಯಾಕ್ಸಿ ಚಾಲಕರೊಬ್ಬರು ಕೀ ಇಸಿದುಕೊಂಡರು. ಅದರ ಬದಿಯ ಪುಟ್ಟ ಗುಂಡಿ ಅದುಮಿ ಒಳಗಿನಿಂದ ಒಂದು ಲೋಹದ ಕೀ ಎಳೆದರು. ಅದರಿಂದ ಬಾಗಿಲು ತೆರೆದರು. ಆಮೇಲೆ ಇಡೀ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರು. ಇಂಜಿನ್ ಶುರುವಾಯಿತು. "ಬ್ಯಾಟರಿ ಸತ್ರೂ ಒಳಗಿನ ಚಿಪ್ ಸಾಯಲ್ಲ ಸಾರ್" ಅಂದರು.

ಆ ಮಾತು ಎಷ್ಟು ನಿಜ ಅಂತ ಆಮೇಲೆ ಹೊಸ ಕೀ ಮಾಡಿಸಲು ಅಲೆದಾಗ ಗೊತ್ತಾಯಿತು. ಈಗಿನ ಕೀ ಅಂದರೆ ಬರೀ ಲೋಹದ ತುಂಡಲ್ಲ. ಕಾರಿಗೂ ಅದಕ್ಕೂ ಒಂದು ಗುರುತು ಪರಿಚಯ ಇರುತ್ತದೆ. ಹಾಗಾಗಿ ಕೀ ಕಳೆದಾಗ ಎರಡು ಕೆಲಸ ಆಗಬೇಕು: ಹೊಸ ಕೀಯ ಪರಿಚಯ ಕಾರಿಗೆ ಮಾಡಿಸಬೇಕು, ಕಳೆದುಹೋದ ಕೀಯನ್ನು ಕಾರು ಮರೆಯುವಂತೆ ಮಾಡಬೇಕು. ಮೊದಲನೆಯದನ್ನು ಎಲ್ಲರೂ ಮಾಡಿಸುತ್ತೇವೆ. ಎರಡನೆಯದು ತಲೆಗೇ ಬರುವುದಿಲ್ಲ.

ಮೊದಲ ಒಂದು ಗಂಟೆ

ಕಾರಿನಿಂದ ಇಳಿದ ಕ್ಷಣಕ್ಕೆ ಮನಸ್ಸಿನಲ್ಲಿ ವಾಪಸ್ ಹೋಗಿ, ಅಲ್ಲಿಂದ ಮುಂದಕ್ಕೆ ಹುಡುಕುತ್ತಾ ಬನ್ನಿ. ಡಿಕ್ಕಿಯ ಬೀಗದಲ್ಲೇ ನೇತಾಡುತ್ತಿರಬಹುದು. ಹೋಟೆಲಿನ ಬಿಲ್ ಕೌಂಟರ್, ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟ ಜಾಗ, ತರಕಾರಿ ಚೀಲದ ತಳ, ಎಲ್ಲ ನೋಡಿ. ಬಟನ್ ಸ್ಟಾರ್ಟ್ ಕಾರಾದರೆ ಒಂದು ಸುಲಭ ಪರೀಕ್ಷೆ ಇದೆ. ಬಾಗಿಲ ಹಿಡಿಯ ಮೇಲಿನ ಬಟನ್ ಒತ್ತಿ ನೋಡಿ. ಬಾಗಿಲು ತೆರೆದರೆ ಕೀ ಅಲ್ಲೇ, ಕಾರಿನೊಳಗೋ ನಿಮ್ಮ ಮಡದಿಯ ಕೈಚೀಲದೊಳಗೋ ಇದೆ ಅಂತ ಅರ್ಥ.

ಕೀ ಒಳಗೇ ಉಳಿದು ಬಾಗಿಲು ಹಾಕಿಕೊಂಡಿದ್ದರೆ ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ. ನಂಬರು ಸರ್ವೀಸ್ ಪುಸ್ತಕದಲ್ಲೋ ಮುಂಗಾಜಿನ ಸ್ಟಿಕ್ಕರ್ ಮೇಲೋ ಇರುತ್ತದೆ. ಗಾಜಿನ ಸಂದಿಯಲ್ಲಿ ಸ್ಕೇಲ್ ತೂರಿಸಿ ತೆಗೆಯುವ ಹಳೇ ಮಾರುತಿ ಕಾಲದ ವಿದ್ಯೆ ಈಗಿನ ಬಾಗಿಲುಗಳ ಮೇಲೆ ನಡೆಯುವುದು ಕಷ್ಟ. ಒಳಗಿನ ವೈರು, ರಬ್ಬರು ಹಾಳಾಗುತ್ತವೆ. ಆದರೆ ಒಳಗೆ ಮಗು ಸಿಕ್ಕಿಕೊಂಡಿದ್ದರೆ ಯಾರಿಗೂ ಕಾಯಬೇಡಿ. ಮಗುವಿನಿಂದ ದೂರ ಇರುವ ಪಕ್ಕದ ಕಿಟಕಿಯ ಗಾಜನ್ನು ಮೂಲೆಯಲ್ಲಿ ಹೊಡೆದು ಒಡೆಯಿರಿ. ಮುಂಗಾಜು ಬೇಡ, ಅದು ಪದರದ ಗಾಜು, ಬಿರುಕು ಬಿಡುತ್ತದೆಯೇ ಹೊರತು ದಾರಿ ಬಿಡುವುದಿಲ್ಲ. ಅಷ್ಟರಲ್ಲಿ ಇನ್ನೊಬ್ಬರು 112ಕ್ಕೆ ಕರೆ ಮಾಡಲಿ.

ಕೀ ನಿಜಕ್ಕೂ ಕಳೆದಿದ್ದರೆ ಮನೆಯಲ್ಲಿರುವ ಎರಡನೇ ಕೀ ತರಿಸುವುದೇ ಎಲ್ಲಕ್ಕಿಂತ ಅಗ್ಗ. ಇನ್ನೂರು ಮುನ್ನೂರು ಕಿಲೋಮೀಟರ್ ಬಸ್ ಚಾರ್ಜ್ ಕೊಟ್ಟು ತರಿಸಿದರೂ ಅಗ್ಗವೇ. ಅದೂ ಇಲ್ಲದಿದ್ದರೆ ಕಾರನ್ನು ಸರ್ವೀಸ್ ಸೆಂಟರ್‌ಗೆ ಸಾಗಿಸಬೇಕು. ಹಗ್ಗ ಕಟ್ಟಿ ಎಳೆಯಲು ಬಿಡಬೇಡಿ. ಕೀ ಇಲ್ಲದೆ ಸ್ಟೇರಿಂಗ್ ಲಾಕ್ ಬಿಡುವುದಿಲ್ಲ, ಆಟೊಮ್ಯಾಟಿಕ್ ಕಾರಿನ ಗೇರು ಪಾರ್ಕಿಂಗ್‌ನಲ್ಲೇ ಕಚ್ಚಿಕೊಂಡಿರುತ್ತದೆ. ಕಾರನ್ನು ಪೂರ್ತಿ ಮೇಲೆ ಹತ್ತಿಸಿಕೊಂಡು ಹೋಗುವ ಚಪ್ಪಟೆ ಹಾಸಿನ ಟೋಯಿಂಗ್ ಲಾರಿಯನ್ನೇ ಕೇಳಿ.

ಕಳೆದದ್ದು ಯಾವ ಕೀ?

ಎಷ್ಟು ಖರ್ಚು, ಎಷ್ಟು ದಿನ ಅನ್ನುವುದೆಲ್ಲ ಇದರ ಮೇಲೆ ನಿಂತಿದೆ.

ಹಳೇ ಮಾರುತಿ 800, ಅಂಬಾಸಿಡರ್‌ಗಳದ್ದು ಬರೀ ಲೋಹದ ಕೀ. ಹಲ್ಲು ಸರಿಯಾಗಿ ಕೊರೆದರೆ ಬಾಗಿಲೂ ತೆರೆಯುತ್ತದೆ, ಗಾಡಿಯೂ ಹೊರಡುತ್ತದೆ. ರಸ್ತೆ ಬದಿ ಛತ್ರಿ ಕೆಳಗೆ ಕೂತವರು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಆಮೇಲೆ ಬಂದದ್ದು ಚಿಪ್ ಇರುವ ಕೀ. ನೋಡಲು ಅದೂ ಸಾದಾ ಕೀ ಥರಾನೇ. ಆದರೆ ತಲೆಯ ಪ್ಲಾಸ್ಟಿಕ್ ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಅಡಗಿರುತ್ತದೆ. ಇದಕ್ಕೆ ಬ್ಯಾಟರಿ ಇಲ್ಲ. ಕೀ ತೂರಿಸುವ ರಂಧ್ರದ ಸುತ್ತ ಕಾರಿನಲ್ಲಿ ತಂತಿಯ ಸುರುಳಿ ಇರುತ್ತದೆ. ನೀವು ಕೀ ತಿರುಗಿಸಿದಾಗ ಆ ಸುರುಳಿ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಚಿಪ್ ಜೀವ ಪಡೆದು ತನ್ನ ಗುರುತು ಹೇಳುತ್ತದೆ. ಹೊಸ ಕಾರುಗಳಲ್ಲಿ ಇದು ಬರೀ ಹೆಸರು ಹೇಳುವುದಲ್ಲ, ಸವಾಲು ಜವಾಬು. ಕಾರು ಪ್ರತಿ ಸಲ ಒಂದು ಹೊಸ ಸಂಖ್ಯೆ ಕೊಡುತ್ತದೆ, ಚಿಪ್ ತನ್ನ ಗುಟ್ಟಿನ ಸೂತ್ರ ಹಾಕಿ ಉತ್ತರ ಹೇಳುತ್ತದೆ. ಉತ್ತರ ಸರಿ ಇದ್ದರೆ ಮಾತ್ರ ಇಂಜಿನ್ ಓಡಲು ಒಪ್ಪಿಗೆ. ಇದೇ ಇಮೊಬಿಲೈಸರ್. ಮಾರುತಿಯವರು ತಮ್ಮದನ್ನು ಐಕ್ಯಾಟ್ಸ್ ಅಂತ ಕರೆದರು. ಚಿಪ್ ಇಲ್ಲದೆ ಬರೀ ಹಲ್ಲು ಕೊರೆಸಿದ ಕೀ ಹಾಕಿದರೆ ಬಾಗಿಲು ತೆರೆಯುತ್ತದೆ, ಕೀ ತಿರುಗುತ್ತದೆ, ಇಂಜಿನ್ ಮಾತ್ರ ಏಳುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಅಥವಾ ಬೀಗದ ಗುರುತಿನ ದೀಪ ಮಿನುಗುತ್ತಾ ಕೂರುತ್ತದೆ. "ಡೂಪ್ಲಿಕೇಟ್ ಮಾಡಿಸಿದೆ, ಸ್ಟಾರ್ಟ್ ಆಗ್ತಿಲ್ಲ" ಅನ್ನುವ ದೂರಿನ ಗುಟ್ಟು ಇದೇ.

ಇಲ್ಲೊಂದು ಎಚ್ಚರಿಕೆ. ಕೀಯ ಪ್ಲಾಸ್ಟಿಕ್ ಕವಚ ಸವೆದು ಒಡೆದಾಗ ಆನ್‌ಲೈನ್‌ನಲ್ಲಿ ಹೊಸ ಕವಚ ತರಿಸಿ ನಾವೇ ಬದಲಿಸುತ್ತೇವೆ. ಹಳೇ ಕವಚವನ್ನು ಕಸದ ಬುಟ್ಟಿಗೆ ಹಾಕುತ್ತೇವೆ. ಎಷ್ಟೋ ಸಲ ಚಿಪ್ ಅದರ ಮೂಲೆಯಲ್ಲೇ ಅಂಟಿಕೊಂಡಿರುತ್ತದೆ. ರಿಮೋಟ್ ಕೆಲಸ ಮಾಡುತ್ತದೆ, ಬಾಗಿಲು ತೆರೆಯುತ್ತದೆ, ಗಾಡಿ ಹೊರಡುವುದಿಲ್ಲ. ಅಷ್ಟು ಹೊತ್ತಿಗೆ ಕಸದ ಗಾಡಿ ಬೀದಿ ದಾಟಿರುತ್ತದೆ.

ಏಕೆಂದರೆ ರಿಮೋಟ್ ಬೇರೆ, ಚಿಪ್ ಬೇರೆ. ಒಂದೇ ಮನೆಯ ಎರಡು ಸಂಸಾರ. ರಿಮೋಟಿಗೆ ಬ್ಯಾಟರಿ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಅದು ಬಾಗಿಲ ಬೀಗಕ್ಕೆ ಹೇಳಿಕಳಿಸುತ್ತದೆ. ಪ್ರತಿ ಸಲ ಒತ್ತಿದಾಗಲೂ ಅದರ ಸಂಕೇತ ಬದಲಾಗುತ್ತದೆ, ಯಾರಾದರೂ ಹಿಡಿದಿಟ್ಟುಕೊಂಡು ಮತ್ತೆ ಬಿಟ್ಟರೆ ಉಪಯೋಗ ಆಗಬಾರದು ಅಂತ. ಇಂಜಿನ್ ಚಾಲೂ ಆಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬಟನ್ ಸ್ಟಾರ್ಟ್ ಕಾರಿನ ಸ್ಮಾರ್ಟ್ ಕೀ ಜೇಬಿನಲ್ಲಿದ್ದರೆ ಸಾಕು. ಕಾರು ಕಡಿಮೆ ಕಂಪನಾಂಕದ ರೇಡಿಯೋ ಅಲೆಯಲ್ಲಿ "ಯಾರಾದರೂ ಇದ್ದೀರಾ" ಅಂತ ಕೂಗುತ್ತದೆ, ಕೀ "ನಾನಿದ್ದೇನೆ" ಅನ್ನುತ್ತದೆ. ಒಮ್ಮೆ ಹೊರಟ ಮೇಲೆ ಕೀ ದೂರವಾದರೂ ಸುರಕ್ಷತೆಗಾಗಿ ಇಂಜಿನ್ ನಿಲ್ಲುವುದಿಲ್ಲ, ಬೀಪ್ ಮಾತ್ರ ಬರುತ್ತದೆ. ಗಂಡ ಮೆಟ್ರೊ ಸ್ಟೇಷನ್ ಹತ್ತಿರ ಕೀ ಜೇಬಿನಲ್ಲಿಟ್ಟುಕೊಂಡೇ ಇಳಿಯುತ್ತಾನೆ, ಹೆಂಡತಿ ಆಫೀಸ್ ತನಕ ಆರಾಮಾಗಿ ಓಡಿಸಿ ಇಂಜಿನ್ ಆಫ್ ಮಾಡುತ್ತಾಳೆ. ಕೀ ಇಲ್ಲದೆ ಅದು ಮತ್ತೆ ಶುರುವಾಗುವುದಿಲ್ಲ. ಸಂಜೆಗೆ ಜಗಳ. ಬೀಪ್ ಬಂದರೆ ನಿರ್ಲಕ್ಷ್ಯ ಮಾಡಬೇಡಿ. ಸ್ಕೂಟರಿಗೂ ಈ ಕೀ ಬಂದಿದೆ. ಹೊಂಡಾ ಆ್ಯಕ್ಟಿವಾದ ಎಚ್-ಸ್ಮಾರ್ಟ್ ಮಾದರಿ 2023ರಲ್ಲಿ ಬಂತು.

ಒಂದು ಕೀ ಉಳಿದಿದೆಯೋ, ಒಂದೂ ಇಲ್ಲವೋ

ಈ ಎರಡರ ನಡುವೆ ಭೂಮಿ ಆಕಾಶದ ವ್ಯತ್ಯಾಸ. ಒಂದು ಕೀ ಕೈಯಲ್ಲಿದ್ದರೆ ಅದರ ಹಲ್ಲು ನೋಡಿ ಇನ್ನೊಂದು ಕೊರೆಯಬಹುದು, ಕಾರನ್ನು ಓಡಿಸಿಕೊಂಡೇ ಅಂಗಡಿಗೆ ಹೋಗಬಹುದು. ಎಲ್ಲವೂ ಹೋಗಿದ್ದರೆ ಸಾಗಿಸುವ ಖರ್ಚು, ಹೊಸ ಕೀ ಸೇರಿಸಲು ಬೇಕಾಗುವ ಕಾರಿನ ಗುಪ್ತ ಸಂಖ್ಯೆ ತೆಗೆಯುವ ಕೆಲಸ, ಕಂಪನಿಯಿಂದ ಕೀ ಬರುವವರೆಗೆ ಕಾಯುವುದು. ಕೆಲವು ಮಾದರಿಗಳಲ್ಲಿ ಬೀಗದ ಸೆಟ್ಟು, ಇಮೊಬಿಲೈಸರ್ ಪೆಟ್ಟಿಗೆಗಳನ್ನೇ ಬದಲಿಸಬೇಕಾದೀತು. ಸಾದಾ ಕೀ ನೂರರ ಲೆಕ್ಕದಲ್ಲಿ ಮುಗಿದರೆ, ಚಿಪ್ ಕೀ ಸಾವಿರದ ಲೆಕ್ಕಕ್ಕೆ ಹೋಗುತ್ತದೆ, ದುಬಾರಿ ಕಾರಿನ ಸ್ಮಾರ್ಟ್ ಕೀ ಹತ್ತು ಸಾವಿರವನ್ನು ಸಲೀಸಾಗಿ ದಾಟುತ್ತದೆ.

ಹೊಸ ಕಾರಿನ ಕೀ ಗೊಂಚಲಿನ ಜೊತೆ ಎಷ್ಟೋ ಸಲ ಸಣ್ಣ ಲೋಹದ ಬಿಲ್ಲೆಯೋ ಚೀಟಿಯೋ ಬರುತ್ತದೆ, ಮೇಲೆ ಒಂದು ನಂಬರು. ಅದು ಕೀಯ ಹಲ್ಲಿನ ಸಂಖ್ಯೆ. ಅದಿದ್ದರೆ ಕೀ ಇಲ್ಲದೆಯೂ ಸರಿಯಾಗಿ ಕೊರೆಯಬಹುದು. ಚೆನ್ನಾಗಿ ಕಾಣುತ್ತದೆ ಅಂತ ಕೆಲವರು ಅದನ್ನೂ ಕೀ ಬಂಚಿಗೇ ಸಿಕ್ಕಿಸಿಕೊಂಡು ತಿರುಗುತ್ತಾರೆ. ಕೀ ಹೋದಾಗ ಅದೂ ಹೋಗುತ್ತದೆ. ಕದ್ದವನಿಗಂತೂ ಎರಡೂ ಒಟ್ಟಿಗೆ. ಬಿಚ್ಚಿ ಮನೆಯ ಪತ್ರಗಳ ಜೊತೆ ಇಡಿ.

ಕಾಗದ ಪತ್ರ

ಕೀ ಸುಮ್ನೆ ಎಲ್ಲೋ ಬಿದ್ದುಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಆನ್‌ಲೈನ್ ವರದಿ ಕೊಟ್ಟು ಸ್ವೀಕೃತಿ ಇಳಿಸಿಕೊಳ್ಳಬಹುದು. ಯಾರೋ ಕದ್ದಿದ್ದಾರೆ, ಪರ್ಸ್ ಸಮೇತ ಹೋಗಿದೆ ಅನ್ನುವಂತಿದ್ದರೆ ಅದು ಕಳೆದದ್ದಲ್ಲ, ಕಳ್ಳತನ. ಠಾಣೆಗೆ ಹೋಗಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ.

"ಒಂದು ಕೀಗೆ ಪೊಲೀಸ್ ಯಾಕೆ" ಅಂತ ನನಗೂ ಅನ್ನಿಸಿತ್ತು. ಕಾರಣ ಇನ್ಶೂರೆನ್ಸ್. ನಾಳೆ ಕಾರೇ ಕಳುವಾದರೆ ವಿಮಾ ಕಂಪನಿ ಸಾಮಾನ್ಯವಾಗಿ ಮೊದಲು ಕೇಳುವ ವಸ್ತುಗಳಲ್ಲಿ ಎರಡೂ ಕೀ ಸೇರಿವೆ. ಒಂದೇ ಕೊಟ್ಟರೆ, ಇನ್ನೊಂದನ್ನು ಕಾರಿನಲ್ಲೇ ಬಿಟ್ಟಿದ್ದಿರಾ ಅಂತ ಪ್ರಶ್ನೆ ಏಳುತ್ತದೆ. ಆಗ ಕೀ ಕಳೆದ ದಿನದ ವರದಿ, ಹೊಸ ಕೀಯ ಬಿಲ್ಲು ನಿಮ್ಮ ಕೈಯಲ್ಲಿರಬೇಕು.

ಪಾಲಿಸಿಯಲ್ಲಿ ಕೀ ರಿಪ್ಲೇಸ್‌ಮೆಂಟ್ ಕವರ್ ಅಂತ ಇದೆಯೇ ನೋಡಿ. ಇದ್ದರೆ ಕೀ ಆರ್ಡರ್ ಮಾಡುವ ಮೊದಲೇ ವಿಮೆಯವರಿಗೆ ತಿಳಿಸಿ. ಮಾಡಿಸಿಕೊಂಡ ಮೇಲೆ ಹೇಳಿದರೆ ತಕರಾರು ಬರಬಹುದು.

ಶೋರೂಮಿಗೆ ಆರ್‌ಸಿ, ಮಾಲೀಕರ ಗುರುತಿನ ಚೀಟಿ, ಪೊಲೀಸ್ ವರದಿ ಒಯ್ಯಿರಿ. ಆರ್‌ಸಿ ಕಾರಿನೊಳಗೇ ಸಿಕ್ಕಿಕೊಂಡಿದ್ದರೆ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಕಾರು ಅಪ್ಪನ ಹೆಸರಿನಲ್ಲಿದ್ದರೆ ಅವರೇ ಬರಬೇಕು ಅಥವಾ ಒಪ್ಪಿಗೆ ಪತ್ರ ಬೇಕು. ಇಷ್ಟೆಲ್ಲ ಕೇಳುತ್ತಾರೆ ಅಂತ ಸಿಟ್ಟಾಗಬೇಡಿ. ಏನೂ ಕೇಳದೆ ಕೀ ಮಾಡಿಕೊಡುವ ಜಾಗಕ್ಕೆ ನಾವು ಹೆದರಬೇಕು.

ಶೋರೂಮಾ, ಜೆ.ಸಿ. ರಸ್ತೆಯಾ?

ಬೆಂಗಳೂರಿನಲ್ಲಿ ಕಾರಿನ ಸಾಮಾನು ಅಂದರೆ ಜೆ.ಸಿ. ರಸ್ತೆ. ಈಗ ಊರೂರಲ್ಲೂ ಚಿಪ್ ಕೀ ಮಾಡುವವರು ಇದ್ದಾರೆ. ಚಾಲಕನ ಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡ್ ಕೆಳಗೆ ಒಂದು ಓಬಿಡಿ ಪೋರ್ಟ್, ಅಂದರೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸಾಕೆಟ್, ಇರುತ್ತದೆ. ಅದಕ್ಕೆ ತಮ್ಮ ಯಂತ್ರ ಸಿಕ್ಕಿಸಿ ಹೊಸ ಕೀಯನ್ನು ಕಾರಿಗೆ ಪರಿಚಯಿಸುತ್ತಾರೆ. ಇವರಲ್ಲಿ ಬಹಳ ಜನ ಕೈಚಳಕದ ಕೆಲಸಗಾರರು, ಶೋರೂಮಿಗಿಂತ ಬೇಗ, ಕಡಿಮೆಗೆ ಮುಗಿಸುತ್ತಾರೆ.

ನನ್ನ ಲೆಕ್ಕ ಹೀಗಿದೆ. ಸಾದಾ ಕೀಗೆ ಧೈರ್ಯವಾಗಿ ರಸ್ತೆ ಬದಿಗೆ ಹೋಗಿ. ಚಿಪ್ ಕೀಯಾಗಿದ್ದು ಒಂದು ಕೈಯಲ್ಲಿದ್ದರೆ, ಬಿಲ್ ಕೊಡುವ, ಖಾಯಂ ಅಂಗಡಿ ಇರುವ, ಪರಿಚಯದವರು ಹೇಳಿದವರ ಹತ್ತಿರ ಮಾಡಿಸಬಹುದು. ಎಲ್ಲ ಕೀ ಕಳೆದಿದ್ದರೆ, ಸ್ಮಾರ್ಟ್ ಕೀ ಆಗಿದ್ದರೆ ಅಥವಾ ಕಾರು ಇನ್ನೂ ವಾರಂಟಿಯಲ್ಲಿದ್ದರೆ ಶೋರೂಮೇ ಸರಿ. ಎಲ್ಲೇ ಮಾಡಿಸಿದರೂ ಕಾರಿನ ಪಕ್ಕದಲ್ಲೇ ನಿಂತಿರಿ. "ಇಮೊಬಿಲೈಸರ್ ತೆಗೆದುಬಿಡೋಣ ಸಾರ್, ತಲೆನೋವೇ ಇರಲ್ಲ" ಅಂತ ಯಾರಾದರೂ ಹೇಳಿದರೆ ಕಾರು ತಿರುಗಿಸಿಕೊಂಡು ಬನ್ನಿ. ಬಾಗಿಲ ಕಾಟಕ್ಕೆ ಬಾಗಿಲನ್ನೇ ಕಿತ್ತ ಹಾಗೆ ಅದು.

ಆನ್‌ಲೈನ್‌ನಲ್ಲಿ ಅಗ್ಗದ ರಿಮೋಟ್ ನೋಡಿ ತರಿಸುವ ಮೊದಲು ಮಾಡುವವರನ್ನೇ ಕೇಳಿ. ಆಕಾರ ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು, ಅಲೆಯೂ ಬೇರೆ ಇರಬಹುದು. ಅಮೆರಿಕದಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ 315 ಮೆಗಾಹರ್ಟ್ಸ್. ಬಳಸಿದ ಸ್ಮಾರ್ಟ್ ಕೀಗಳಲ್ಲಿ ಹಲವು ಮೊದಲ ಕಾರಿಗೇ ಅಂಟಿಕೊಂಡಿರುತ್ತವೆ, ಎರಡನೇ ಸಂಬಂಧಕ್ಕೆ ಒಪ್ಪುವುದಿಲ್ಲ.

ಕೆಲಸ ಮುಗಿದ ಮೇಲೆ ಹೊಸ ಕೀಯಿಂದ ನಾಲ್ಕೈದು ಸಲ ಗಾಡಿ ಸ್ಟಾರ್ಟ್ ಮಾಡಿ. ನಿಮ್ಮ ಕೈಯಲ್ಲೇ ಉಳಿದಿದ್ದ ಹಳೇ ಕೀಯೂ ಇನ್ನೂ ಕೆಲಸ ಮಾಡುತ್ತಿದೆಯಾ ನೋಡಿ. ಬಾಗಿಲು, ಡಿಕ್ಕಿ ಎಲ್ಲ ಲೋಹದ ಕೀಯಿಂದಲೂ ತೆರೆದು ನೋಡಿ.

ಕಳೆದ ಕೀಯನ್ನು ಮರೆಸುವುದು

ಈಗ ಆ ಎರಡನೇ ಅರ್ಧ. ನನ್ನ ಕೀ ಹೊಳೆಯಲ್ಲಿ ಬಿತ್ತು, ಬಚಾವ್. ಅದೇ ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಬಿದ್ದಿದ್ದರೆ? ಸಿಕ್ಕವನು ಗುಂಡಿ ಒತ್ತುತ್ತಾ ಸಾಲಾಗಿ ನಡೆದರೆ ಸಾಕು, ಯಾವ ಕಾರು ಅಂತ ದೀಪ ಮಿನುಗಿಸಿ ಕಾರೇ ಹೇಳುತ್ತದೆ.

ಹೊಸ ಕೀ ಸೇರಿಸಿದ ಮಾತ್ರಕ್ಕೆ ಹಳೆಯದು ಎಲ್ಲ ಕಾರುಗಳಲ್ಲೂ ತಾನಾಗಿ ಅಳಿಯುವುದಿಲ್ಲ. ಆದ್ದರಿಂದ ಬಾಯಿಬಿಟ್ಟು ಕೇಳಿ: "ಕಳೆದ ಕೀಯನ್ನು ಅಳಿಸಿ. ಈಗ ಎಷ್ಟು ಕೀ ನೋಂದಣಿ ಆಗಿವೆ, ತೋರಿಸಿ." ಹಲವು ಕಾರುಗಳಲ್ಲಿ ಯಂತ್ರದ ಪರದೆ ಮೇಲೆ ಸಂಖ್ಯೆ ಕಾಣುತ್ತದೆ. ನಿಮ್ಮ ಹತ್ತಿರ ಎರಡು ಕೀ ಇದ್ದು ಅದು ಮೂರು ತೋರಿಸಿದರೆ ಕೆಲಸ ಮುಗಿದಿಲ್ಲ. ಅಳಿಸುವಾಗ ಸಾಮಾನ್ಯವಾಗಿ ಎಲ್ಲವನ್ನೂ ಅಳಿಸಿ ಎದುರಿಗಿರುವ ಕೀಗಳನ್ನು ಮತ್ತೆ ಸೇರಿಸುತ್ತಾರೆ. ಹಾಗಾಗಿ ಇರುವ ಕೀಗಳನ್ನೆಲ್ಲ ಒಟ್ಟಿಗೆ ಒಯ್ಯಿರಿ. ಒಂದನ್ನು ಮನೆಯಲ್ಲಿ ಬಿಟ್ಟರೆ ಅದಕ್ಕೂ ಕಾರು "ನೀನ್ಯಾರು" ಅನ್ನುತ್ತದೆ.

ಇಷ್ಟಾದರೂ ಒಂದು ಸಂಗತಿ ಉಳಿಯುತ್ತದೆ. ಚಿಪ್ಪನ್ನು ಕಾರು ಮರೆತರೂ ಲೋಹದ ಹಲ್ಲನ್ನು ಬಾಗಿಲ ಬೀಗ ಮರೆಯುವುದಿಲ್ಲ. ಕಳೆದ ಕೀ ಸಿಕ್ಕವನಿಗೆ ಗಾಡಿ ಓಡಿಸಲಾಗದು, ಆದರೆ ಬಾಗಿಲು ತೆರೆದು ಲ್ಯಾಪ್‌ಟಾಪ್ ಎತ್ತಬಹುದು. ಕೀ ಜೊತೆ ವಿಳಾಸವೋ ಆರ್‌ಸಿ ಪ್ರತಿಯೋ ಹೋಗಿದ್ದರೆ ಬೀಗದ ಸೆಟ್ಟನ್ನೇ ಬದಲಿಸುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೂ ಇದೇ ಮಾತು. ಒಂದೇ ಕೀ ಕೊಟ್ಟರೆ ಇನ್ನೊಂದರ ಖರ್ಚನ್ನು ಬೆಲೆಯಲ್ಲಿ ಇಳಿಸಿ ಅಂತ ಕೇಳಿ. ಎರಡು ಕೊಟ್ಟರೂ ಮೂರನೆಯದು ಎಲ್ಲೋ ಇರಬಹುದು. ಮೊದಲ ವಾರವೇ ಎಲ್ಲ ಅಳಿಸಿ ನಿಮ್ಮ ಕೈಯಲ್ಲಿರುವವನ್ನು ಮಾತ್ರ ಸೇರಿಸಿಸಿ.

ಕೀ ಕಳೆಯದೆಯೂ ಕಾರು ಹೋಗುವ ಬಗೆ

ಇಮೊಬಿಲೈಸರ್‌ನ ಬೆಲೆ ಏನು ಅಂತ ಅಮೆರಿಕ ದುಡ್ಡು ತೆತ್ತು ಕಲಿತಿದೆ. ಜರ್ಮನಿ 1998ರಲ್ಲಿ, ಕೆನಡಾ 2007ರಲ್ಲಿ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದವು. ಅಮೆರಿಕ ಮಾಡಲಿಲ್ಲ. ಅಲ್ಲಿ 2011ರಿಂದ 2021ರ ನಡುವಿನ ಎಷ್ಟೋ ಕಿಯಾ, ಹ್ಯುಂಡೈ ಕಾರುಗಳು ಇಮೊಬಿಲೈಸರ್ ಇಲ್ಲದೆಯೇ ಮಾರಾಟವಾದವು. ಸ್ಟೇರಿಂಗ್ ಕೆಳಗಿನ ಕವಚ ಕಿತ್ತು, ಯುಎಸ್‌ಬಿ ಕೇಬಲ್ಲಿನ ತುದಿಯಿಂದ ತಿರುಗಿಸಿ ಹುಡುಗರು ಕಾರು ಓಡಿಸಿಕೊಂಡು ಹೋಗುವ ವಿಡಿಯೊಗಳು 2021, 2022ರಲ್ಲಿ ಹರಡಿದವು. ಕಂಪನಿಗಳು 2023ರಲ್ಲಿ ಉಚಿತ ಸಾಫ್ಟ್‌ವೇರ್ ಕೊಡಬೇಕಾಯಿತು. ಅಲ್ಲಿರುವ ನಮ್ಮವರು ಆ ವರ್ಷಗಳ ಹಳೇ ಕಾರು ಕೊಳ್ಳುವ ಮೊದಲು ಇದನ್ನು ವಿಚಾರಿಸಲಿ.

ಸ್ಮಾರ್ಟ್ ಕೀಯ ಕಾಟ ಇನ್ನೊಂದು ಥರ. ಒಬ್ಬ ಕಳ್ಳ ಕಾರಿನ ಹತ್ತಿರ ನಿಲ್ಲುತ್ತಾನೆ, ಇನ್ನೊಬ್ಬ ನಿಮ್ಮ ಮನೆ ಬಾಗಿಲ ಹತ್ತಿರ. ಇಬ್ಬರ ಕೈಯಲ್ಲೂ ಪೆಟ್ಟಿಗೆ. ಕಾರಿನ ಕೂಗನ್ನು ಮೊದಲನೆಯವನು ಹಿಡಿದು ಎರಡನೆಯವನಿಗೆ ದಾಟಿಸುತ್ತಾನೆ. ಒಳಗೆ ಶೋಕೇಸ್ ಮೇಲಿರುವ ನಿಮ್ಮ ಕೀ, ಕಾರು ಪಕ್ಕದಲ್ಲೇ ಇದೆ ಅಂದುಕೊಂಡು ಉತ್ತರ ಕೊಟ್ಟುಬಿಡುತ್ತದೆ. ಗುಟ್ಟಿನ ಸೂತ್ರ ಮುರಿಯುವ ಗೋಜೇ ಇಲ್ಲ. ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲೇ 8 ಕಂಪನಿಗಳ 10 ಕಾರುಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಹತ್ತೂ ಮೋಸ ಹೋದವು.

ಇದಕ್ಕೆ ಮದ್ದು ಸುಲಭ. ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಡಿ, ಒಳಕೋಣೆಯಲ್ಲಿಡಿ. ಅಲೆ ತಡೆಯುವ ಚೀಲ ಸಿಗುತ್ತದೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯೂ ಆದೀತು. ಕೀಯನ್ನು ಡಬ್ಬಿಯೊಳಗಿಟ್ಟು ಕಾರಿನ ಬಾಗಿಲ ಹತ್ತಿರ ಹಿಡಿದು ಬಟನ್ ಒತ್ತಿ. ತೆರೆಯದಿದ್ದರೆ ಡಬ್ಬಿ ಪಾಸ್.

ಇನ್ನೊಂದು, ಹೊಸ ಕಾರು ಬಂದ ಖುಷಿಗೆ ಅಂಗೈಯಲ್ಲಿ ಕೀ ಹಿಡಿದ ಫೋಟೊ ಸ್ಟೇಟಸ್‌ಗೆ ಹಾಕಬೇಡಿ. ಫೋಟೊ ನೋಡಿಯೇ ಕೀಯ ಹಲ್ಲಿನ ಅಳತೆ ತೆಗೆಯಬಹುದು ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಸಂಶೋಧಕರು 2008ರಲ್ಲೇ ತೋರಿಸಿದ್ದಾರೆ.

ಬೀರುವಿನಲ್ಲಿರುವ ಕೀ

ಇದನ್ನು ಓದುತ್ತಿರುವಾಗ ನಿಮ್ಮ ಹತ್ತಿರ ಎರಡು ಕೀ ಇದ್ದರೆ ಎರಡನೆಯದನ್ನು ಈವತ್ತೇ ಹೊರಗೆ ತೆಗೆಯಿರಿ. ಒಂದೇ ಇದ್ದರೆ ಈ ತಿಂಗಳೇ ಇನ್ನೊಂದು ಮಾಡಿಸಿ, ಅಗ್ಗಕ್ಕೆ ಆಗುವ ಕಾಲ ಇದೇ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸಿ. ಅದರ ನಂಬರು ಬ್ಯಾಟರಿ ಮೇಲೇ ಇರುತ್ತದೆ, ಸಿಆರ್ 2032 ಅಂತಲೋ ಸಿಆರ್ 1620 ಅಂತಲೋ. ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಸ್ಮಾರ್ಟ್ ಕೀಯೊಳಗಿನ ಲೋಹದ ಕೀ ಎಳೆಯುವುದು ಹೇಗೆ, ಬಾಗಿಲ ಹಿಡಿಯಲ್ಲಿ ರಂಧ್ರ ಎಲ್ಲಿ ಅಡಗಿದೆ ಅಂತ ಒಮ್ಮೆ ಕೈಯಾರೆ ಮಾಡಿ ನೋಡಿ. ಕೆಲವು ಕಾರುಗಳಲ್ಲಿ ಆ ರಂಧ್ರದ ಮೇಲೆ ಸಣ್ಣ ಮುಚ್ಚಳ ಇರುತ್ತದೆ. ನಡುರಾತ್ರಿ ಮೊಬೈಲ್ ಬೆಳಕಿನಲ್ಲಿ ಹುಡುಕುವ ಕೆಲಸ ಅಲ್ಲ ಅದು.

ಈಗ ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಬೀರುವಿನ ಕೀಯಿಂದಲೇ ಕಾರು ತೆಗೆಯುತ್ತೇವೆ. ಊರಿಗೆ ಹೊರಟರೆ ಎರಡೂ ಕೀ ಬರುತ್ತವೆ, ಒಂದು ನನ್ನ ಜೇಬಿನಲ್ಲಿ, ಇನ್ನೊಂದು ಮಡದಿಯ ಚೀಲದಲ್ಲಿ. ಹೊಳೆಗೆ ಇಳಿಯುವಾಗ ನನ್ನದನ್ನೂ ಅವಳೇ ಇಸಿದುಕೊಳ್ಳುತ್ತಾಳೆ.